ಖಾಲಿ ಅಂಗಡಿಗಳ ಕಥೆ ಹೇಳುವಾಕೆ

ದಲ್ಲಾಳಿ ಪಾರೀಸನ ಆಫೀಸಿಗೆ ಸುವರ್ಣಾ ಸೇರಿದಾಗ ಅವಳ ಕೆಲಸ ಬೀಗದ ಕೈಗಳನ್ನು ಕಾಯುವುದಷ್ಟೇ ಆಗಿತ್ತು. ಇಚಲಕರಂಜಿಯ ಮುಖ್ಯರಸ್ತೆಯಲ್ಲಿ ಒಂದು ಔಷಧ ಅಂಗಡಿಯ ಮೇಲಿನ ಮಹಡಿಯಲ್ಲಿ ಆ ಆಫೀಸು ಇತ್ತು. ಅಂಗಡಿ, ಗೋದಾಮು, ಮಗ್ಗದ ಶೆಡ್ಡು, ದವಾಖಾನೆಗೆ ಬೇಕಾದ ಮಹಡಿ, ಹೀಗೆ ವ್ಯಾಪಾರಕ್ಕೆ ಬೇಕಾದ ಜಾಗ ಯಾವುದಿದ್ದರೂ ಪಾರೀಸ ಕೊಡಿಸುತ್ತಿದ್ದ. ಮನೆ, ಪ್ಲಾಟುಗಳ ಗೊಡವೆಗೆ ಹೋಗುತ್ತಿರಲಿಲ್ಲ. ಅವನದು ಶಿರೋಳ ಕಡೆಯ ಜೈನ ಒಕ್ಕಲುತನದ ಮನೆ. ಅಣ್ಣಂದಿರು ಕಬ್ಬು ನೋಡಿಕೊಳ್ಳುತ್ತಿದ್ದರು. ಇವನೊಬ್ಬ ಪೇಟೆಗೆ ಬಂದು ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದ್ದ.

ಸುವರ್ಣಾಳ ತಂದೆ ರಾಮಲಿಂಗ ಹುಡುಗನಾಗಿದ್ದಾಗ ರಬಕವಿಯಿಂದ ಇಚಲಕರಂಜಿಗೆ ಬಂದವನು. ಮೂವತ್ತು ವರ್ಷ ಊರಿನ ಅರ್ಧ ಶೆಡ್ಡುಗಳಲ್ಲಿ ಕೆಟ್ಟ ಮಗ್ಗಗಳನ್ನು ರಿಪೇರಿ ಮಾಡಿದ್ದ. ತಾಯಿ ಹೌಸಾಬಾಯಿ ನೂಲು ಸುತ್ತುವ ಕೆಲಸಕ್ಕೆ ಹೋಗುತ್ತಿದ್ದಳು. ಬಿ.ಕಾಂ. ಮುಗಿಸಿದ ಮಗಳು ಫ್ಯಾನಿನ ಕೆಳಗೆ ಕೂತು ಮಾಡುವ ಕೆಲಸ ಹಿಡಿದಳೆಂಬುದೇ ಅವರಿಬ್ಬರಿಗೂ ದೊಡ್ಡದಾಗಿತ್ತು.

ಸೇರಿ ಏಳೆಂಟು ತಿಂಗಳಾಗಿರಬೇಕು. ಒಂದು ದಿನ ಪಾರೀಸ ನೆಂಟರ ಮದುವೆಗೆ ಊರಿಗೆ ಹೋಗಿದ್ದಾಗ, ಕೊಲ್ಹಾಪುರದಿಂದ ನೂತನ ಎಂಬ ಹೆಂಗಸು ಹೇಳದೆ ಕೇಳದೆ ಬಂದು ಕೂತಳು. ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಸುವ ಘಟಕಕ್ಕೆ ಅವಳಿಗೆ ಜಾಗ ಬೇಕಿತ್ತು. ಸಂಜೆಯೊಳಗೆ ನೋಡಿ ತಿರುಗಿ ಹೋಗಬೇಕು ಎಂದಳು. ಪಾರೀಸನ ಫೋನು ಹತ್ತಲಿಲ್ಲ. ಮೂರು ವರ್ಷದಿಂದ ಯಾರೂ ಹಿಡಿಯದ ಒಂದು ಹಳೆಯ ಶೆಡ್ಡಿನ ಕೀಲಿಯನ್ನು ಸುವರ್ಣಾ ಬೋರ್ಡಿನಿಂದ ತೆಗೆದುಕೊಂಡು ಅವಳೊಡನೆ ಹೊರಟಳು.

ಪಾರೀಸನಾಗಿದ್ದರೆ ಬಾಗಿಲಲ್ಲಿ ನಿಂತು ಎಷ್ಟು ಚದರಡಿ, ಎಷ್ಟು ಎತ್ತರ, ಕರೆಂಟಿನ ಲೋಡು ಎಷ್ಟು ಎಂದು ಒಂದೇ ಉಸಿರಿಗೆ ಹೇಳಿಬಿಡುತ್ತಿದ್ದ. ಸುವರ್ಣಾಳಿಗೆ ಆ ಅಂಕಿಗಳು ಬಾಯಿಗೆ ಬರಲಿಲ್ಲ. ಆದರೆ ಆ ಶೆಡ್ಡಿನಲ್ಲಿ ಅವಳ ಅಪ್ಪ ಹನ್ನೊಂದು ವರ್ಷ ದುಡಿದಿದ್ದ. ದಿನಾ ಮಧ್ಯಾಹ್ನ ಬುತ್ತಿ ಹಿಡಿದುಕೊಂಡು ಅವಳೇ ಅಲ್ಲಿಗೆ ಹೋಗುತ್ತಿದ್ದಳು.

"ಈ ಕಡಿ ಖಿಡಕಿ ನೋಡ್ರಿ ತಾಯಿ, ಎಲ್ಲಾ ಉತ್ತರಕ್ಕ ಅದಾವು. ಬಿಸಲ ಒಳಗ ಬರೂದಿಲ್ಲ, ಬೆಳಕಷ್ಟ ಬರ್ತೈತಿ. ಸಂಜಿ ನಾಕರ ತನಕಾ ಇಲ್ಲಿ ಲೈಟ್ ಹಚ್ಚತಿದ್ದಿಲ್ಲ ಅಂತ ನಮ್ಮಪ್ಪ ಹೇಳತಾನ. ನೀಲಿ ಚಡ್ಡಿಗಿ ನೀಲಿ ದಾರ ಹಾಕಿ ಹೊಲಿಯೂ ಹೆಣ್ಣಮಕ್ಕಳ ಕಣ್ಣ ಉಳಿತಾವ್ರಿ" ಎಂದಳು. ಆಮೇಲೆ ನೂತನಳನ್ನು ಮೂಲೆಗೆ ಕರೆದುಕೊಂಡು ಹೋಗಿ, "ಇಲ್ಲಿ ಯಲಗೂರಪ್ಪ ಅನ್ನಾವನ ಮಗ್ಗ ಇತ್ತು. ಮಳಿಗಾಲದಾಗ ಅಂವ ತಲಿ ಮ್ಯಾಲ ಪ್ಲಾಸ್ಟಿಕ್ ಹೊತ್ತಕೊಂಡ ನೇಯತಿದ್ದ. ಮ್ಯಾಲಿನ ತಗಡಿನ ಪತ್ರಾ ಬದಲಿ ಮಾಡ್ಯಾರ, ಖರೆ. ಆದ್ರೂ ಒಂದ ಮಳಿ ನೋಡಿ ಆಮ್ಯಾಲ ಈ ಮೂಲ್ಯಾಗ ಮಿಶನ್ ಇಡ್ರಿ" ಎಂದಳು. ಪಾಯಖಾನೆ ಅಂಗಳದ ಆಚೆ ಇದೆ, ಹೆಂಗಸರಿಗೆ ದೂರವಾಗುತ್ತದೆ, ಒಳಗೇ ಒಂದು ಕಟ್ಟಿಸಿಕೊಡಲು ಮಾಲಕರನ್ನು ಕೇಳಿ ಎಂದೂ ಹೇಳಿದಳು.

ನೂತನ ಶೆಡ್ಡಿನ ನಡುವೆ ನಿಂತು ಒಂದು ಸುತ್ತು ನೋಡಿದಳು. ಇಲ್ಲಿ ಎಷ್ಟು ಜನ ಕೆಲಸ ಮಾಡುತ್ತಿದ್ದರು, ಊಟಕ್ಕೆ ಎಲ್ಲಿ ಕೂರುತ್ತಿದ್ದರು, ಲಾರಿ ಯಾವ ಬಾಗಿಲಿಗೆ ಬರುತ್ತಿತ್ತು ಎಂದು ಒಂದೊಂದಾಗಿ ಕೇಳಿದಳು. ಒಂದು ತಾಸಿನ ಮೇಲೆ ಇಬ್ಬರೂ ಹೊರಬಂದರು. ಎರಡು ದಿನ ಬಿಟ್ಟು ನೂತನ ಅದೇ ಶೆಡ್ಡು ಬೇಕೆಂದು ಫೋನು ಮಾಡಿದಳು.

"ಏನ್ ಹೇಳಿದಿ ಅಕಿಗಿ?" ಎಂದು ಪಾರೀಸ ಕೇಳಿದ.

"ನಮ್ಮಪ್ಪ ಹೇಳಿದ್ದು ಹೇಳಿನ್ರಿ, ಅಣ್ಣಾರ."

"ಸೋರತೈತಿ ಅಂತನೂ ಹೇಳಿದಿಯಂತಲ್ಲ?"

"ಸೋರತಿತ್ತಲ್ರಿ ಮತ್ತ?"

ಮರುದಿನ ಬೆಳಿಗ್ಗೆ ಪಾರೀಸ ಅವಳ ಮೇಜಿನ ಮೇಲೆ ಒಂದು ಹೊಸ ನೋಟ್‌ಬುಕ್ ಇಟ್ಟು, "ಇವತ್ತಿಂದ ಗಿರಾಕಿ ಜತಿ ನೀನ ಹೋಗ" ಎಂದ.

ಮುಂದಿನ ಎರಡು ವರ್ಷ ಸುವರ್ಣಾ ಹಾಗೇ ತಿರುಗಿದಳು. ಯಾವ ಜಾಗ ತೋರಿಸಬೇಕಾದರೂ ಹಿಂದಿನ ದಿನ ಒಬ್ಬಳೇ ಹೋಗಿ ಸುತ್ತಮುತ್ತ ಮಾತಾಡಿಸಿ ಬರುತ್ತಿದ್ದಳು. ಎದುರಿನ ಚಹಾದಂಗಡಿಯವನು, ಪಕ್ಕದ ಟೇಲರು, ಹಳೆಯ ವಾಚ್‌ಮನ್, ಎಲ್ಲರೂ ಅವಳಿಗೆ ಬೇಕಾದವರೇ. ಇಲ್ಲಿ ಮೊದಲು ಯಾರಿದ್ದರು, ಯಾಕೆ ಬಿಟ್ಟರು, ಯಾವ ಹೊತ್ತಿಗೆ ಯಾವ ಜನ ಈ ರಸ್ತೆಯಲ್ಲಿ ಓಡಾಡುತ್ತಾರೆ, ಮಳೆ ನೀರು ಎಲ್ಲಿ ನಿಲ್ಲುತ್ತದೆ ಎಂಬುದೆಲ್ಲ ನೋಟ್‌ಬುಕ್ಕಿಗೆ ಬರುತ್ತಿತ್ತು. ಗಿರಾಕಿಗಳು ಜಾಗ ನೋಡಲು ಬಂದರೆ ಅವಳ ಮಾತು ಕೇಳುತ್ತಾ ನಿಂತುಬಿಡುತ್ತಿದ್ದರು. ಪಾರೀಸ ಕೊಲ್ಹಾಪುರದ ಶಾಹುಪುರಿಯಲ್ಲಿ ಇನ್ನೊಂದು ಆಫೀಸು ತೆರೆದ. ವಾರದಲ್ಲಿ ನಾಲ್ಕು ದಿನ ಅವಳು ಬೆಳಿಗ್ಗೆಯ ಎಸ್‌ಟಿ ಬಸ್ಸು ಹಿಡಿದು ಅಲ್ಲಿಗೆ ಹೋಗತೊಡಗಿದಳು.

ಒಬ್ಬರ ಮುಂದೆ ಮಾತಾಡುವುದು ಹೀಗೆ ಒಲಿಯಿತು. ನೂರು ಜನರ ಮುಂದೆ ಮಾತಾಡುವುದು ಒಲಿಯಲಿಲ್ಲ.

ಕೊಲ್ಹಾಪುರದ ಒಂದು ಹೋಟೆಲಿನ ಹಾಲಿನಲ್ಲಿ ವ್ಯಾಪಾರಸ್ಥರ ಸಭೆಯಿತ್ತು. ಪಾರೀಸನಿಗೆ ಹತ್ತು ನಿಮಿಷ ಮಾತಾಡಲು ಅವಕಾಶ ಸಿಕ್ಕಾಗ ಅವನು ಸುವರ್ಣಾಳನ್ನು ಮುಂದೆ ಮಾಡಿದ. ಅವಳು ಒಂದು ವಾರ ಕೂತು ಪುಸ್ತಕದ ಮರಾಠಿಯಲ್ಲಿ ಭಾಷಣ ಬರೆದಳು. ಪರದೆಯ ಮೇಲೆ ತೋರಿಸಲು ಬಣ್ಣಬಣ್ಣದ ಚಿತ್ರ ಮಾಡಿಸಿದಳು. ಮೂರನೆಯ ಚಿತ್ರಕ್ಕೆ ಬರುವಷ್ಟರಲ್ಲಿ ಬಾಯಿಪಾಠ ಮಾಡಿದ ಸಾಲೊಂದು ತಪ್ಪಿತು. ನೂಲು ಹರಿದ ಮಗ್ಗದ ಹಾಗೆ ಅವಳು ಅಲ್ಲೇ ನಿಂತಳು. ಮುಂದಿನ ಸಾಲಿನವರು ಫೋನು ನೋಡುತ್ತಿದ್ದರು, ಹಿಂದಿನವರು ತಟ್ಟೆ ಹಿಡಿದು ಊಟದ ಕಡೆ ನಡೆದಿದ್ದರು. ಉಳಿದದ್ದನ್ನು ಕಾಗದ ನೋಡಿ ಓದಿ ಮುಗಿಸಿ ಕೆಳಗಿಳಿದಳು.

ಮನೆಗೆ ಬಂದು ಅದನ್ನೇ ಅಪ್ಪನ ಮುಂದೆ ಒಪ್ಪಿಸಿದಳು. ರಾಮಲಿಂಗ ಕೊನೆಯವರೆಗೂ ಕೇಳಿದ.

"ಇದೇನ ಇದು? ಯಾರ ಮಾತಾಡಾಕತ್ತಾರ ಅಂತ ತಿಳೀಲಿಲ್ಲ ನಂಗ. ಆ ಶೆಡ್ಡಿನ್ಯಾಗ ನೂತನಬಾಯಿ ಮುಂದ ಹಿಂಗ ಮಾತಾಡಿದ್ದೇನ ನೀ?"

"ಅಲ್ಲಿ ಒಬ್ಬಾಕಿ ಇದ್ಲಪ್ಪಾ. ಇಲ್ಲಿ ನೂರ ಮಂದಿ."

"ನೂರ ಮಂದಿಗಿ ಕಿವಿ ಬ್ಯಾರೆ ಇರತಾವೇನ?"

ಅಪ್ಪನ ಮಾತು ಸುವರ್ಣಾಳಿಗೆ ನಾಟಿತು. ಅವರ ಓಣಿಯಲ್ಲಿ ಮಗ್ಗಗಳಿಗೆ ವಾರದ ರಜೆ ಇದ್ದ ದಿನ ಹೆಂಗಸರು ಹೌಸಾಬಾಯಿಯ ಮನೆಯ ಕಟ್ಟೆಯ ಮೇಲೆ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಸುವರ್ಣಾ ಅವರ ಮುಂದೆ ನಿಂತು ಒಂದೊಂದು ವಾರ ಒಂದೊಂದು ಕಟ್ಟಡದ ಕಥೆ ಹೇಳತೊಡಗಿದಳು. ಮೊದಲೆರಡು ವಾರ ಅವರು ಸೊಪ್ಪು ಬಿಡಿಸುತ್ತಾ ತಮ್ಮತಮ್ಮಲ್ಲೇ ಮಾತಾಡಿದರು. ಎಲ್ಲಿ ಸೊಪ್ಪು ಬಿಡಿಸುವ ಕೈಗಳು ನಿಲ್ಲುತ್ತವೆ, ಎಲ್ಲಿ ಮತ್ತೆ ಓಡತೊಡಗುತ್ತವೆ ಎಂದು ಅವಳು ನೋಡಿಕೊಂಡಳು. ಕೈ ಓಡಿದ ಕಡೆಯ ಮಾತನ್ನೆಲ್ಲ ಮುಂದಿನ ವಾರ ಕತ್ತರಿಸಿದಳು. ಅಂಕಿ ಹೇಳಿದರೆ ಕೈ ಓಡುತ್ತಿದ್ದವು. ಒಬ್ಬ ಮನುಷ್ಯ ಏನು ಮಾಡಿದ ಎಂದು ಹೇಳಿದರೆ ನಿಲ್ಲುತ್ತಿದ್ದವು. ಐದನೆಯ ವಾರ ಒಂದು ಎಣ್ಣೆ ಗಾಣದ ಕಥೆ ಮುಗಿಯುವವರೆಗೂ ಯಾರೂ ಒಂದೆಲೆ ಬಿಡಿಸಲಿಲ್ಲ.

"ಏ ಪೋರಿ, ನಿನ್ನ ಕಥಿ ಕೇಳಕೋಂತ ಕುಂತ್ರ ಮನ್ಯಾಗ ಪಲ್ಯ ಆಗಾಂಗಿಲ್ಲ" ಎಂದು ಹೌಸಾಬಾಯಿ ಬೈದಳು. ಸುವರ್ಣಾಳಿಗೆ ಅದಕ್ಕಿಂತ ದೊಡ್ಡ ಮೆಚ್ಚುಗೆ ಬೇಕಿರಲಿಲ್ಲ.

ಆಮೇಲೆ ಅವಳು ಇಚಲಕರಂಜಿಯ ಎರಡು ಮೂರು ಸಣ್ಣ ಸಭೆಗಳಲ್ಲಿ ಮಾತಾಡಿದಳು. ಕೈಯಲ್ಲಿ ಕಾಗದವೂ ಇರಲಿಲ್ಲ, ಹಿಂದೆ ಚಿತ್ರದ ಪರದೆಯೂ ಇರಲಿಲ್ಲ. ಜನ ಕೇಳಿದರು. ಅವಳಿಗೆ ಧೈರ್ಯ ಬಂತು.

ಅಷ್ಟರಲ್ಲಿ ಗಡಹಿಂಗ್ಲಜದ ಕೆಲಸ ಬಂತು. ಬಸ್‌ಸ್ಟ್ಯಾಂಡಿನ ಹತ್ತಿರ ಎರಡು ಮಹಡಿಯ ಹೊಸ ವ್ಯಾಪಾರ ಸಂಕೀರ್ಣ ಎದ್ದಿತ್ತು. ಕೆಳಗೆ ಹನ್ನೆರಡು, ಮೇಲೆ ಹನ್ನೆರಡು ಅಂಗಡಿ. ಕಟ್ಟಿ ವರ್ಷವಾದರೂ ಅರ್ಧಕ್ಕರ್ಧ ಖಾಲಿ ಇತ್ತು. ಊರಿನ ವ್ಯಾಪಾರಸ್ಥರೆಲ್ಲ ಹಳೆಯ ಪೇಟೆ ಬಿಟ್ಟು ಬರಲು ಒಲ್ಲೆ ಎನ್ನುತ್ತಿದ್ದರು. ವ್ಯಾಪಾರಿ ಸಂಘದ ವಾರ್ಷಿಕ ಸಭೆಯಲ್ಲಿ ಪಾರೀಸ ಇಪ್ಪತ್ತು ನಿಮಿಷ ಕೇಳಿ ಪಡೆದ.

ಸುವರ್ಣಾ ಮೂರು ದಿನ ಮುಂಚೆ ಹೋಗಿ ಊರು ಸುತ್ತಿದಳು. ಹಳೆಯ ಪೇಟೆಯ ಮೂಲೆಯಲ್ಲಿ ಹಸಿರು ಬಾಗಿಲಿನ ಒಂದು ಅಂಗಡಿ ಕಂಡಿತು. ಒಳ್ಳೆಯ ಜಾಗ, ನಾಲ್ಕು ದಾರಿ ಕೂಡುವ ಕಡೆ. ಆದರೂ ಬೀಗ ತುಕ್ಕು ಹಿಡಿದಿತ್ತು. ಎದುರಿನ ಚಹಾದಂಗಡಿಯಲ್ಲಿ ಕೇಳಿದಳು. "ಅದಕ್ಕ ಗುಣ ಇಲ್ರಿ. ಮೂರು ಸರ್ತೆ ಅಂಗಡಿ ಹಾಕಿದ್ರು, ಮೂರೂ ಮುಚ್ಚಿದ್ವು" ಎಂದು ಅವನು ಹೇಳಿದ. ಇನ್ನಿಬ್ಬರೂ ಅದನ್ನೇ ಹೇಳಿದರು. ಸುವರ್ಣಾ ಅಂಗಡಿಯ ಮುಂದೆ ನಿಂತು ನೋಡಿದಳು. ಮೆಟ್ಟಿಲುಗಳು ಎತ್ತರ, ಮೊಣಕಾಲೆತ್ತರ. ಎಣಿಸಿದಳು, ಆರು. ಅವಳ ಭಾಷಣ ಅಲ್ಲೇ ಹುಟ್ಟಿತು.

ಸಭೆಯ ದಿನ ಬೆಳಿಗ್ಗೆ ಹನ್ನೊಂದಕ್ಕೇ ಊರಿನ ಕಲ್ಯಾಣ ಮಂಟಪ ತುಂಬಿತ್ತು. ಇನ್ನೂರಕ್ಕೂ ಮೇಲೆ ಜನ. ಸುವರ್ಣಾ ಮರಾಠಿಯಲ್ಲಿ ನಮಸ್ಕಾರ ಹೇಳಿದಾಗ ಹಿಂದಿನ ಸಾಲುಗಳಲ್ಲಿ ಕನ್ನಡದ ಗುಸುಗುಸು ಕೇಳಿತು.

"ಕನ್ನಡ ಯಾರ್ಯಾರಿಗಿ ಬರ್ತೈತ್ರಿ?" ಎಂದು ಕೇಳಿದಳು. ಅರ್ಧ ಸಭೆ ಕೈ ಎತ್ತಿತು. "ಹಂಗಾರ ಎರಡೂ ಕೂಡಿಸಿ ಮಾತಾಡತೇನಿ. ನಮ್ಮವ್ವ ನಂಗ ಬೈಯೂದು ಕನ್ನಡದಾಗ, ಸಾಲ್ಯಾಗ ಮಾಸ್ತರ ಬೈದಿದ್ದು ಮರಾಠ್ಯಾಗ. ಎರಡೂ ಚಲೋ ತಿಳಿತಾವ."

ಜನ ನಕ್ಕರು. ಅವಳು ಹಸಿರು ಬಾಗಿಲಿನ ಅಂಗಡಿಯ ಕಥೆ ತೆಗೆದಳು. ಮೂರು ಸಲ ತೆರೆದದ್ದು, ಮೂರು ಸಲ ಮುಚ್ಚಿದ್ದು, ಊರಿನವರು ಅದಕ್ಕೆ ಗುಣವಿಲ್ಲ ಎಂದದ್ದು, ಎಲ್ಲ ಹೇಳಿದಳು. ಒಬ್ಬ ಮುದುಕಿ ಮೊಮ್ಮಗಳ ಮದುವೆಗೆ ಸೀರೆ ಕೊಳ್ಳಲು ಬಂದು, ಆ ಮೆಟ್ಟಿಲುಗಳನ್ನು ನೋಡಿ, ಮೊಣಕಾಲು ಮುಟ್ಟಿಕೊಂಡು, ಪಕ್ಕದ ಅಂಗಡಿಗೆ ಹೋದದ್ದನ್ನು ಕಣ್ಣಿಗೆ ಕಟ್ಟಿದ ಹಾಗೆ ಹೇಳಿದಳು. "ಗುಣ ಇಲ್ಲದ್ದು ಅಂಗಡಿಗಲ್ರಿ, ಪಾವಟಿಗಿಗಿ. ಆರು ಪಾವಟಿಗಿ ಒಂದು ಅಂಗಡಿನ ಮೂರು ಸರ್ತೆ ನುಂಗಿದ್ವು. ನಮ್ಮ ಹೊಸ ಕಟ್ಟಡದಾಗ ರಸ್ತೇದಿಂದ ಸೀದಾ ಒಳಗ ಹೋಗಬಹುದು, ಒಂದೂ ಪಾವಟಿಗಿ ಇಲ್ಲ!"

ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ಕೂತಿದ್ದ ಪಾರೀಸ ಮೀಸೆ ಮುಟ್ಟಿಕೊಂಡ.

ಚಪ್ಪಾಳೆ ನಿಲ್ಲುವ ಹೊತ್ತಿಗೆ ನಡುವಿನ ಸಾಲಿನಲ್ಲಿ ಬಿಳಿ ಟೋಪಿ, ಬಿಳಿ ಅಂಗಿಯ ಒಬ್ಬ ಹಿರಿಯರು ಎದ್ದು ನಿಂತಿದ್ದರು. ಎಪ್ಪತ್ತು ದಾಟಿದ ವಯಸ್ಸು. ಅಕ್ಕಪಕ್ಕದವರು "ಕಾಕಾಸಾಹೇಬ, ಕೂಡ್ರಿ, ಕೂಡ್ರಿ" ಎಂದು ಅಂಗಿ ಹಿಡಿದೆಳೆದರು. ಅವರು ಕೂರಲಿಲ್ಲ.

"ತಂಗಿ, ಆ ಅಂಗಡಿ ನಂದು."

ಅಂಗಿ ಎಳೆಯುತ್ತಿದ್ದ ಕೈಗಳು ಬಿಟ್ಟವು.

"ಪಾವಟಿಗಿ ಆರಲ್ಲ, ಏಳು. ಒಂದು ಗಟಾರದ ಫರಸಿಕಲ್ಲ ಕೆಳಗ ಹೋಗೈತಿ, ನಿಂಗ ಕಾಣಿಸಿಲ್ಲ. ಅದ ಹೋಗ್ಲಿ. ಪಾವಟಿಗಿ ಸಂಬಂಧ ಅಂಗಡಿ ಮುಚ್ಚಿಲ್ಲ. ನಿಂಗ ಯಾರೋ ಸುಳ್ಳ ಹೇಳ್ಯಾರ, ನೀ ಇಷ್ಟ ಮಂದಿ ಮುಂದ ಅದನ್ನ ಖರೆ ಮಾಡಿದಿ."

ಸಂಘದ ಅಧ್ಯಕ್ಷರು ಕುರ್ಚಿಯಿಂದ ಅರ್ಧ ಎದ್ದು, ಮಾತು ಮುಗಿಸಿಬಿಡು ಎಂಬಂತೆ ಕೈ ಮಾಡಿದರು. ಈಗ ಸುವರ್ಣಾ ನಕ್ಕು ಮಾತು ಹಾರಿಸಬಹುದಿತ್ತು. ಬೇರೆ ಯಾವುದೋ ಅಂಗಡಿ ಇರಬೇಕು ಎನ್ನಬಹುದಿತ್ತು. ಅವಳು ವೇದಿಕೆಯಿಂದ ಕೆಳಗಿಳಿದಳು. ಮೈಕಿನ ವೈರು ಎಳೆದುಕೊಂಡು ನಡುವಿನ ಸಾಲಿನವರೆಗೆ ನಡೆದಳು. ಕಾಕಾಸಾಹೇಬರ ಮುಂದೆ ನಿಂತು ಕೈ ಮುಗಿದಳು.

"ತಪ್ಪಾತ್ರಿ ಕಾಕಾ. ಚಾದಂಗಡ್ಯಾಗ ಕೇಳಿದ್ನಿ, ಪಾವಟಿಗಿ ಎಣಿಸಿದ್ನಿ, ನಿಮ್ಮ ಮನಿ ಬಾಗಲಾ ಮಾತ್ರ ಬಡೀಲಿಲ್ಲ. ನನ್ನ ವ್ಯಾಳ್ಯಾ ಇನ್ನ ಹತ್ತ ನಿಮಿಷ ಐತಿ. ಅದು ನಿಮ್ಮದು. ಆ ಅಂಗಡಿ ಕಥಿ ನೀವ ಹೇಳ್ರಿ."

ಅವರು ಮೈಕನ್ನು ನೋಡಿದರು. ಆಮೇಲೆ ಇಸಿದುಕೊಂಡರು.

"ಹತ್ತೊಂಬತ್ತ ವರ್ಷ ನನ್ನ ಹೇಣ್ತಿ ಮಂಗಲ ಅಲ್ಲಿ ಬಟ್ಟಿ ಅಂಗಡಿ ನಡಸಿದ್ಲು. ನಂದೇನೂ ಇಲ್ಲ ಅದರಾಗ, ನಾ ಹೊಲ ನೋಡತಿದ್ನಿ. ಪಾವಟಿಗಿ ಎತ್ತರ ಅಂತ ಅಕಿಗೂ ಗೊತ್ತಿತ್ತು. ಕೆಳಗ ಕೂಡಾಕ ಒಂದ ಬಾಕ ಹಾಕಿಸಿದ್ಲು. ಮ್ಯಾಲ ಹತ್ತಾಕ ಆಗದಾವ್ರು ಬಾಕಿನ ಮ್ಯಾಲ ಕೂಡತಿದ್ರು, ಅಕಿ ಸೀರಿ ಗಂಟ ಹೊತ್ಕೊಂಡ ಕೆಳಗ ಇಳದ ಬರತಿದ್ಲು. ಒಬ್ಬ ಮುದುಕಿಗಿ ಹದಿನೈದ ಸೀರಿ ತೋರಿಸಿ, ಒಂದೂ ತಗೊಳ್ಳದಿದ್ರೂ ನೀರ ಕೊಟ್ಟ ಕಳಸತಿದ್ಲು."

ಮುಂದಿನ ಸಾಲಿನ ಒಬ್ಬ ಹೆಂಗಸು "ಖರೆ, ಖರೆ, ನನ್ನ ಮದವಿ ಸೀರಿ ಅಲ್ಲೇ ತಂದಿದ್ದು" ಎಂದಳು.

"ಅಕಿ ಹೋದ್ಲು. ನಾ ಬಾಗಲಾ ಹಾಕಿದ್ನಿ. ಅದು ಒಂದನೇ ಸರ್ತೆ ಮುಚ್ಚಿದ್ದು. ಆಮ್ಯಾಲ ಮಕ್ಕಳ ಮಾತ ಕೇಳಿ ಇಬ್ಬರಿಗಿ ಬಾಡಿಗಿ ಕೊಟ್ನಿ. ಎರಡೂ ಅಂಗಡಿ ಛಂದ ನಡೀತಿದ್ವು. ಆದ್ರ ಅಕಿ ಕೂಡತಿದ್ದ ಗಾದಿ ಮ್ಯಾಲ ಬ್ಯಾರೆದವ್ರು ಕುಂತಿದ್ದ ನೋಡಾಕ ನನ್ನಿಂದ ಆಗಲಿಲ್ಲ. ಬಿಡ್ರಿ ಅಂತ ನಾನ ಹೇಳಿದ್ನಿ. ಮಂದಿ ಗುಣ ಇಲ್ಲ ಅಂದ್ರು. ಅನ್ನಲಿ ಬಿಡು, ಯಾರೂ ಕೇಳಾಕ ಬರೂದಿಲ್ಲ ಅಂತ ಸುಮ್ಮನಿದ್ನಿ." ಅವರು ಮೈಕನ್ನು ತಿರುಗಿ ಕೊಡುತ್ತಾ ಹೇಳಿದರು, "ಇವತ್ತ ನೀ ಪಾವಟಿಗಿ ನುಂಗಿದ್ವು ಅಂದಿ. ಮಂಗಲನ್ನ ಸೋಲಸಿದಂಗ ಆತು. ಅದಕ್ಕ ಎದ್ದ ನಿಂತ್ನಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ತಟ್ಟುವ ಮಾತೂ ಅದಾಗಿರಲಿಲ್ಲ. ಸುವರ್ಣಾ ನಿಂತ ಕಡೆಯೇ ನಿಂತು, ಜನರ ನಡುವಿನಿಂದಲೇ ಮಾತಾಡಿದಳು.

"ನಾ ಇಲ್ಲಿಗಿ ಬರೂ ಮುಂದ ಒಂದ ಮಾತ ಮುಚ್ಚಿ ಇಟ್ಟಕೊಂಡ ಬಂದಿದ್ನಿ. ಒಂದೂ ಪಾವಟಿಗಿ ಇಲ್ಲ ಅಂದ್ನಲ್ರಿ, ಅದು ಕೆಳಗಿನ ಹನ್ನೆರಡಕ್ಕ ಅಷ್ಟ. ಮ್ಯಾಲಿನ ಹನ್ನೆರಡ ಅಂಗಡಿಗಿ ಇಪ್ಪತ್ತೆರಡ ಪಾವಟಿಗಿ ಅದಾವ. ಅದನ್ನ ಇವತ್ತ ಹೇಳೂದ ಬ್ಯಾಡ ಅಂತ ಮಾಡಿದ್ನಿ. ಈಗ ಹೇಳತೇನಿ. ಅಲ್ಲಿಗಿ ಗಿರಾಕಿ ಹತ್ತಿ ಬರೂದು ತ್ರಾಸು ಐತಿ. ಮಂಗಲಬಾಯಿ ಇದ್ದಿದ್ರ ಏನ ಮಾಡತಿದ್ರು? ನಿಮಗ್ಯಾರಿಗರೆ ತಿಳೀತೈತೇನು?"

ಒಬ್ಬ ಟೇಲರು ಎದ್ದು, ಮೆಟ್ಟಿಲ ಬುಡದಲ್ಲಿ ಒಂದು ಸಣ್ಣ ಜಾಗ ಬಿಟ್ಟುಕೊಟ್ಟರೆ ಅಳತೆ ಅಲ್ಲೇ ತೆಗೆದು ಹೊಲಿಗೆ ಮೇಲೆ ಮಾಡಬಹುದು ಎಂದ. ಕನ್ನಡಕದ ಅಂಗಡಿಯವನು, ಅದೇ ಜಾಗದಲ್ಲಿ ನಾವೂ ಕಣ್ಣು ಪರೀಕ್ಷೆ ಮಾಡಬಹುದಲ್ಲ ಎಂದ. ಇನ್ನೊಬ್ಬ, ಟ್ಯೂಷನ್ ಕ್ಲಾಸಿನ ಹುಡುಗರಿಗೆ ಇಪ್ಪತ್ತೆರಡು ಮೆಟ್ಟಿಲು ಯಾವ ಲೆಕ್ಕ ಎಂದಾಗ ಸಭೆ ನಕ್ಕಿತು. ಮಾತು ಅಲ್ಲಿಂದ ಇಲ್ಲಿಗೆ, ಮರಾಠಿಯಿಂದ ಕನ್ನಡಕ್ಕೆ ಹಾರಿತು. ಇಪ್ಪತ್ತು ನಿಮಿಷದ ಮಾತು ಒಂದು ತಾಸು ನಡೆಯಿತು. ಅಧ್ಯಕ್ಷರು ಎರಡು ಸಲ ಗಡಿಯಾರ ನೋಡಿ ಆಮೇಲೆ ಬಿಟ್ಟುಬಿಟ್ಟರು.

ತಿರುಗಿ ಬರುವಾಗ ನಿಪ್ಪಾಣಿ ಹತ್ತಿರ ಕಾರಿನಲ್ಲಿ ಪಾರೀಸ ಮಾತು ತೆಗೆದ.

"ಮೈಕ್ ಕೊಟ್ಟಬಿಟ್ಟಿಯಲ್ಲ ನೀ! ಮುಗೀತು ನಮ್ಮ ಕತಿ ಅಂತ ಮಾಡಿದ್ದೆ ನಾ."

"ಮತ್ತೇನ ಮಾಡಬೇಕಿತ್ರಿ, ಅಣ್ಣಾರ? ಕಥಿ ಅವರದು. ಕಳವು ಮಾಡಿದ್ದ ವಾಪಸ್ ಕೊಟ್ನಿ."

"ಮ್ಯಾಲಿನ ಪಾವಟಿಗಿ ಮಾತ ಯಾಕ ತೆಗದಿ? ಯಾರೂ ಕೇಳಿದ್ದಿಲ್ಲ."

"ಅವ್ರು ಅಷ್ಟ ಖರೆ ಮಾತಾಡಿದ ಮ್ಯಾಲ ನನಗ ಅರ್ಧಾ ಮಾತಾಡಾಕ ನಾಚಿಕಿ ಬಂತ್ರಿ."

ಪಾರೀಸ ಹೂಂ ಎಂದ. ಮರುದಿನ ಅವನೇ ಕಟ್ಟಡದ ಮಾಲಕನ ಹತ್ತಿರ ಹೋಗಿ, ಮೆಟ್ಟಿಲ ಬುಡದ ಜಾಗವನ್ನು ಮೇಲಿನವರೆಲ್ಲರ ಬಳಕೆಗೆ ಬಿಡಿಸಿಕೊಂಡು ಬಂದ. ಕೂರಲು ಎರಡು ಬಾಕುಗಳನ್ನೂ ಹಾಕಿಸಿದ. ದಸರೆಯ ಹೊತ್ತಿಗೆ ಮೇಲಿನ ಮಹಡಿ ಪೂರ್ತಿ ತುಂಬಿತು. ಕೆಳಗಿನದು ಅದಕ್ಕೂ ಮೊದಲೇ ತುಂಬಿತ್ತು.

ದೀಪಾವಳಿ ಕಳೆದ ವಾರ ಕಾಕಾಸಾಹೇಬರ ಫೋನು ಬಂತು. "ಒಮ್ಮಿ ಬಂದ ಹೋಗ ತಂಗಿ" ಎಂದಷ್ಟೇ ಹೇಳಿ ಇಟ್ಟರು.

ಸುವರ್ಣಾ ಹೋದಾಗ ಹಸಿರು ಬಾಗಿಲು ತೆರೆದಿತ್ತು. ಒಳಗೆ ಸಾಗವಾನಿಯ ಕಪಾಟುಗಳು, ಗೋಡೆಯಲ್ಲಿ ಆಳೆತ್ತರದ ಕನ್ನಡಿ, ಒಂದು ಬದಿಗೆ ಬಿಳಿ ಬಟ್ಟೆ ಹೊದಿಸಿದ ಗಾದಿ. ಯಾರೋ ಆಗಷ್ಟೇ ಕಸ ಗುಡಿಸಿದ್ದರು.

"ನಿನ್ನ ಭಾಷಣ ಆದ ಮ್ಯಾಲ ದಾರ್ಯಾಗ ಭೆಟ್ಟಿ ಆದಾವ್ರೆಲ್ಲ ಮಂಗಲನ ಮಾತ ತೆಗೀತಾರ" ಎಂದರು ಕಾಕಾಸಾಹೇಬ. "ಇಷ್ಟ ವರ್ಷ ಯಾರೂ ಅಕಿ ಹೆಸರ ನನ್ನ ಮುಂದ ತೆಗೀತಿದ್ದಿಲ್ಲ. ನಾನ ತೆಗೀಗೊಡಲಿಲ್ಲ ಅನ್ನು. ಈಗ ಅನಸತೈತಿ, ಅಂಗಡಿ ಮುಚ್ಚಿ ಇಟ್ಟ ಅಕಿನ್ನ ಮರೆಸಾಕತ್ತಿದ್ನೇನೋ. ಯಾರಿಗರೆ ಕೊಡೂಣು. ಆದ್ರ ನಿಂಗ ಗೊತ್ತೈತಿ, ನನ್ನ ಕಡಿಂದ ಆಗೂದಿಲ್ಲ ಅಂದ್ರ ಮತ್ತ ಬಿಡಸತೇನಿ."

"ಹಂಗಾರ ಗಡಿಬಿಡಿ ಬ್ಯಾಡ್ರಿ ಕಾಕಾ. ಬಿಡಸೂ ಪ್ರಸಂಗ ಬರದಂಗ ಹುಡುಕೂಣು."

ಮೊದಲು ಬಂದವನು ಮೊಬೈಲ್ ಅಂಗಡಿಯವನು. ಟೇಪು ಹಿಡಿದು ಗೋಡೆ ಅಳೆದು, ಈ ಕಪಾಟುಗಳನ್ನೆಲ್ಲ ಕಿತ್ತು ಗಾಜಿನ ಶೋಕೇಸು ಹಾಕುತ್ತೇನೆ ಎಂದ. ಕಾಕಾಸಾಹೇಬರು ಕಪಾಟಿಗೆ ಬೆನ್ನು ಕೊಟ್ಟು ನಿಂತರು. ಸುವರ್ಣಾಳೇ ಅವನನ್ನು ಹೊರಗೆ ಕರೆದುಕೊಂಡು ಹೋಗಿ, "ನಿಮಗ ಬ್ಯಾರೆ ಕಡಿ ಚಲೋ ಜಾಗಾ ಹುಡುಕೂಣು, ಇದು ನಿಮಗಲ್ರಿ" ಎಂದು ಕಳಿಸಿದಳು. ಎರಡನೆಯವನು ಬೇಕರಿಯವನು. ಒಲೆಯ ಹೊಗೆಗೆ ದಾರಿ ಇಲ್ಲವೆಂದು ಅವನೇ ಬಿಟ್ಟುಹೋದ.

ಮೂರನೆಯವಳು ವೃಷಾಲಿ. ಗಡಹಿಂಗ್ಲಜದವಳೇ. ನಾಲ್ಕು ವರ್ಷದಿಂದ ಸ್ಕೂಟಿಯ ಮೇಲೆ ಸೀರೆ ಹೇರಿಕೊಂಡು ಸುತ್ತಲಿನ ಹಳ್ಳಿಗಳಲ್ಲಿ ಮಾರುತ್ತಿದ್ದಳು. ಅಂಗಡಿಯೊಂದು ಬೇಕೆಂಬ ಆಸೆ, ಆದರೆ ಪೇಟೆಯಲ್ಲಿ ನಡೆಸಬಲ್ಲೆನೇ ಎಂಬ ಅಳುಕೂ ಅವಳಿಗಿತ್ತು. ಆ ದಿನ ಸುವರ್ಣಾ ಬಾಗಿಲ ಹತ್ತಿರ ನಿಂತಳು. ಜಾಗದ ಬಗ್ಗೆ ಒಂದು ಮಾತೂ ಆಡಲಿಲ್ಲ. "ಕಾಕಾ, ಇವರಿಗಿ ಮಂಗಲಬಾಯಿ ಹೆಂಗ ವ್ಯಾಪಾರ ಮಾಡತಿದ್ರು ಹೇಳ್ರಿ" ಎಂದಷ್ಟೇ ಕೇಳಿದಳು.

ಕಾಕಾಸಾಹೇಬರು ಹೇಳಿದರು. ಸೀರೆಯನ್ನು ಹೆಗಲ ಮೇಲೆ ಹಾಕಿ ಕನ್ನಡಿಯ ಮುಂದೆ ನಿಲ್ಲಿಸುವುದು, ಸೊಸೆಗೆ ಬೇಕಾದ ಬಣ್ಣ ಅತ್ತೆಗೆ ಸೇರದಿದ್ದರೆ ಇಬ್ಬರಿಗೂ ಒಪ್ಪುವ ಮೂರನೆಯದನ್ನು ತೆಗೆಯುವುದು, ಎಲ್ಲ ಹೇಳಿದರು. ಹೇಳುತ್ತಾ ಹೇಳುತ್ತಾ ತಾವೇ ಒಂದೆರಡು ಸಲ ನಕ್ಕರು.

ವೃಷಾಲಿ ಕಣ್ಣರಳಿಸಿ ಕೇಳಿದಳು. ಆಮೇಲೆ, "ಕೆಳಗ ಬಾಕ ಎಲ್ಲಿ ಹಾಕಿದ್ರು ಕಾಕಾ?" ಎಂದಳು.

ಅವರು ಎದ್ದು ಬಂದು ತೋರಿಸಿದರು. ವೃಷಾಲಿ ಮೆಟ್ಟಿಲಿಳಿದು, ಅಲ್ಲಿ ನಿಂತು ಮೇಲೆ ನೋಡಿ, ಮತ್ತೆ ಹತ್ತಿ ಬಂದಳು.

"ಹಾಕಸತೇನ್ರಿ. ಇಳದ ಹತ್ತೂದ ನನಗೇನ ಹೊಸಾದಲ್ಲ, ದಿನಾ ಹತ್ತ ಮನಿ ಹೊಚ್ಚಲ ಹತ್ತಿ ಇಳೀತೇನಿ."

ಕಾಕಾಸಾಹೇಬರು ಗಾದಿಯ ಕಡೆ ನೋಡಿದರು. ವೃಷಾಲಿಗೆ ತಿಳಿಯಿತು.

"ಗಾದಿ ಹಂಗ ಇರಲ್ರಿ ಕಾಕಾ. ನಾ ಅದರ ಮ್ಯಾಲ ಕೂಡೂದಿಲ್ಲ. ನನಗ ನಿಂತ ಮಾರಿ ರೂಢಿ. ನೀವು ಬಂದಾಗ ನೀವ ಕೂಡ್ರಿ."

ಅವರು ತಲೆಯಾಡಿಸಿದರು. ಟೋಪಿ ತೆಗೆದು ಮತ್ತೆ ಹಾಕಿಕೊಂಡರು. "ಸುವರ್ಣಾ, ಕಾಗದಪತ್ರ ಮಾಡ" ಎಂದರು.

ಸಂಕ್ರಾಂತಿಯ ದಿನ ಅಂಗಡಿ ತೆರೆಯಿತು. ಪೇಟೆಯ ಅರ್ಧ ಹೆಂಗಸರು ಬಂದರು. ಕಾಕಾಸಾಹೇಬರು ಗಾದಿಯ ಮೇಲೆ ಕೂತು ಬಂದವರಿಗೆಲ್ಲ ಎಳ್ಳು ಬೆಲ್ಲ ಹಂಚಿದರು.

ಆ ಸಭೆಯ ಮಾತು ಸುತ್ತಲಿನ ಊರುಗಳಿಗೆ ಹೋಗಿತ್ತು. ಕಾಗಲದಿಂದ ಕರೆ ಬಂತು, ಶಿರೋಳದಿಂದ ಬಂತು, ಬಿದ್ರಿಯ ಕಡೆಯ ಅಂಗಡಿಕಾರರೂ ಕರೆದರು. ಎಲ್ಲಿ ಹೋದರೂ ಸುವರ್ಣಾ ಈಗ ಒಂದು ಕಟ್ಟಳೆ ಇಟ್ಟುಕೊಂಡಿದ್ದಳು. ಯಾರ ಜಾಗದ ಕಥೆ ಹೇಳುತ್ತಾಳೋ ಅವರ ಮನೆಗೆ ಹೋಗಿ ಕೇಳಿ, ಅವರು ಒಪ್ಪಿದರೆ ಮಾತ್ರ ಹೇಳುವುದು, ಸಾಧ್ಯವಾದರೆ ಅವರನ್ನೇ ಮುಂದಿನ ಸಾಲಿನಲ್ಲಿ ಕೂರಿಸಿಕೊಂಡು ಹೇಳುವುದು. ಅದರಿಂದ ಕೆಲಸ ನಿಧಾನವಾಯಿತು. ಆದರೆ ಅವಳು ಕೊಡಿಸಿದ ಜಾಗ ಬಿಟ್ಟು ಹೋಗುವವರು ವಿರಳವಾದರು. ವರ್ಷದ ಕೊನೆಗೆ ಪಾರೀಸ ಅವಳನ್ನು ಪಾಲುದಾರಳನ್ನಾಗಿ ಮಾಡಿಕೊಂಡು, ಕೊಲ್ಹಾಪುರದ ಆಫೀಸನ್ನು ಪೂರ್ತಿ ಅವಳ ಕೈಗೆ ಬಿಟ್ಟ. "ಜಾಗಾ ನಾ ನೋಡತೇನಿ, ಮಂದೀನ ನೀ ನೋಡ" ಎಂದ.

ಹೊಸ ಕುರ್ಚಿಯಲ್ಲಿ ಅವಳು ಕೂತ ಮೊದಲ ತಿಂಗಳಲ್ಲೇ ಹುಪರಿಯ ಬೆಳ್ಳಿ ಕೆಲಸದವರು ಬಂದರು. ಮನೆಮನೆಯಲ್ಲಿ ಕೂತು ಕಾಲ್ಗೆಜ್ಜೆ, ಉಂಗುರ ಮಾಡುವ ನೂರಾರು ಕುಟುಂಬಗಳಿಗೆ ಒಂದೇ ಕಡೆ ಮಾರಾಟದ ಕಟ್ಟಡ ಆಗಬೇಕು, ಎಲ್ಲರನ್ನೂ ಒಪ್ಪಿಸಲು ನೀವು ಬಂದು ಮಾತಾಡಬೇಕು ಎಂದರು. ಐನೂರು ಜನ ಸೇರುತ್ತಾರೆ ಎಂದರು. ಸುವರ್ಣಾ ಹೂಂ ಎಂದು, ಸಭೆಗೆ ಎಂಟು ದಿನ ಮೊದಲೇ ಹುಪರಿಯ ಬಸ್ಸು ಹತ್ತಿದಳು.

ಮೊದಲ ಮನೆ ಮಾಯವ್ವನದು. ಐವತ್ತರ ಹೆಂಗಸು, ಚಾಪೆಯ ಮೇಲೆ ಕಾಲು ಚಾಚಿ ಕೂತು ಗೆಜ್ಜೆಗೆ ಹೊಳಪು ಕೊಡುತ್ತಿದ್ದಳು. ಸುವರ್ಣಾ ತನ್ನ ಹೆಸರು ಹೇಳಿ ಎದುರಿಗೆ ಕೂತಳು.

"ಭಾಷಣ ಮಾಡಾಕಿ ಬರತಾಳ ಅಂದಿದ್ರು, ನೀನ ಏನ?" ಎಂದು ಮಾಯವ್ವ ಅವಳನ್ನು ಮೇಲಿನಿಂದ ಕೆಳಗೆ ನೋಡಿದಳು. "ಮಾತಾಡ ಮತ್ತ, ಕೇಳತೇನಿ."

"ಭಾಷಣ ಬರೂ ಐತವಾರ ಐತ್ರಿ ಅಕ್ಕಾರ" ಎಂದಳು ಸುವರ್ಣಾ. "ಇವತ್ತ ನೀವ ಮಾತಾಡ್ರಿ. ಈ ಮನ್ಯಾಗ ಕೆಲಸಾ ಶುರು ಮಾಡಿದಾವ್ರು ಯಾರು?"

"ನಮ್ಮತ್ತಿ" ಎಂದಳು ಮಾಯವ್ವ. ಗೆಜ್ಜೆಯ ಗುಡ್ಡೆಯನ್ನು ಬದಿಗೆ ಸರಿಸಿ, ಚಹಾಕ್ಕೆ ನೀರಿಡಲು ಸೊಸೆಯನ್ನು ಕೂಗಿ, ಅತ್ತೆಯ ಕಥೆ ತೆಗೆದಳು.